ಬಂಡೆ ಸಲೋಮಿ

ಬಹಳ ಕಾಲದ ಹಿಂದೆ, ಚಿನ್ನದ ಗಣಿಯ ನೆತ್ತಿಯ ಮೇಲೆ ಒಂದೂರಿತ್ತಂತೆ. ನೆಲದಡಿ ಗಂಡಸರು ಕಲ್ಲು ಒಡೆಯುತ್ತಿದ್ದರು. ನೆಲದ ಮೇಲೆ, ಹಳೇ ಡ್ಯಾನ್ಸ್ ಹಾಲಿನ ಮರದ ಹಾಸಿನಲ್ಲಿ, ಹೆಂಗಸರು ಗಾಲಿ ಬೂಟು ಕಟ್ಟಿಕೊಂಡು ಡರ್ಬಿ ಅನ್ನುವ ಆಟ ಆಡುತ್ತಿದ್ದರು. ಟೋಪಿಗೆ ನಕ್ಷತ್ರ ಹಾಕಿಕೊಂಡವಳು ಎದುರಿನವರನ್ನು ದಾಟಿ ಸುತ್ತು ಹಾಕಬೇಕು, ಅವರು ಸೊಂಟ, ಭುಜ ಕೊಟ್ಟು ತಡೆಯಬೇಕು. ಅಷ್ಟೇ ಆಟ.

ತಡೆಯುವವರಲ್ಲಿ ಸಲೋಮಿ ಒಬ್ಬಳು. ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸ ಅವಳದು. ಆಟದಲ್ಲಿ ಎಲ್ಲರಿಗೂ ಒಂದೊಂದು ಅಡ್ಡಹೆಸರು, ಅವಳಿಗೆ ಬಂಡೆ. ಅವಳು ಸೊಂಟ ಕೊಟ್ಟರೆ ಗೋಡೆಯ ಗಾರೆ ಉದುರುತ್ತಿತ್ತಂತೆ. ಅವಳಿಗೆ ಭಯವೇ ಇಲ್ಲ ಅಂತ ಊರು ನಂಬಿತ್ತು. ಆದರೆ ನೆಲ ಒಂದಿಷ್ಟು ನಡುಗಿದರೂ ಸಲೋಮಿಯ ಬಾಯಿ ಒಣಗುತ್ತಿತ್ತು. ಅವಳಪ್ಪ ಹಿಂದೊಮ್ಮೆ ಕುಸಿದ ಗಣಿಯೊಳಗೆ ಸಿಕ್ಕಿಕೊಂಡು ಮೂರು ದಿನ ಕಲ್ಲು ತಟ್ಟಿದ್ದನಂತೆ. ಮೇಲಿನವರ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲವಂತೆ.

ಒಂದು ಸಂಜೆ ಪಕ್ಕದೂರಿನ ತಂಡ ಬಂತು. ನಕ್ಷತ್ರ ತೊಟ್ಟಿದ್ದವಳು ಮುಬೀನಾ, ಹದಿನೆಂಟರ ಹುಡುಗಿ. ಅವಳು ಸಲೋಮಿಯ ಪಕ್ಕದಿಂದ ನುಸುಳುತ್ತಿದ್ದ ಹಾಗೇ ಕೆಳಗೆ ಗಣಿ ಕುಸಿಯಿತು. ದೀಪ ಆರಿತು. ನೆಲದ ಹಲಗೆ ಬಾಯಿಬಿಟ್ಟಿತು. ಕಣ್ಣಿಗೆ ದೂಳು, ಕಿವಿಗೆ ಕಿರುಚಾಟ, ದಿಕ್ಕು ಕಾಣದೆ ಉರುಳುವ ಗಾಲಿಗಳು. ಯಾವ ಗಾಲಿ ಯಾವಾಗ ಆ ಗುಂಡಿಗೆ ಇಳಿಯುತ್ತದೋ!

ಬಾಗಿಲು ಸಲೋಮಿಯ ಬೆನ್ನ ಹಿಂದೆಯೇ ಇತ್ತು. ಓಡಿಬಿಡೋಣ ಅನ್ನಿಸಿತಂತೆ. ಓಡಲಿಲ್ಲ. "ಎಲ್ರೂ ಮಂಡಿ ಊರಿ!" ಅಂತ ಕೂಗಿದಳು. "ಒಂದು ಗಾಲೀನೂ ತಿರುಗಬಾರದು! ಬಾಯಿ ಮುಚ್ಚಿ!"

ಎರಡೂ ತಂಡ ಮಂಡಿಯೂರಿತು. ಸದ್ದಡಗಿತು. ಆಗ ಹಲಗೆಯ ಅಡಿಯಿಂದ ಒಂದು ಸಣ್ಣ ದನಿ. "ಅಕ್ಕಾ..."

ಸಲೋಮಿ ತೆವಳಿಕೊಂಡು ಹೋದಳು. ಗುಂಡಿಯ ತಣ್ಣನೆ ಗಾಳಿ ಮುಖಕ್ಕೆ ಹೊಡೆಯಿತು. ತೊಲೆಗೆ ಜೋತುಬಿದ್ದಿದ್ದ ಮುಬೀನಾಳ ಮಣಿಕಟ್ಟು ಕೈಗೆ ಸಿಕ್ಕಿತು.

"ಬಿಡಬೇಡಿ ಅಕ್ಕಾ, ಭಯ ಆಗ್ತಿದೆ."

"ನನಗೂ ಭಯ ಕಣೇ. ಗಟ್ಟಿಯಾಗಿ ಹಿಡ್ಕೊ."

ಹಿಂದಿದ್ದವಳು ಸಲೋಮಿಯ ಕಾಲು ಹಿಡಿದಳು, ಅವಳ ಕಾಲನ್ನು ಮತ್ತೊಬ್ಬಳು. ಹೀಗೆ ಎರಡೂರಿನ ಹೆಂಗಸರು ಸರಪಳಿಯಾಗಿ ಎಳೆದರು. ಹುಡುಗಿ ಮೇಲೆ ಬಂದಳು. ಅಷ್ಟರಲ್ಲಿ ನೆಲ ಇನ್ನೊಮ್ಮೆ ನಡುಗಿತು, ಚಾವಣಿಯ ಮರ ಮುರಿದು ಸಲೋಮಿಯ ಬೆನ್ನ ಮೇಲೆ ಬಿತ್ತು. ಜೀವ ಉಳಿಯಿತು. ಮತ್ತೆಂದೂ ಗಾಲಿಯ ಮೇಲೆ ನಿಲ್ಲಲಿಲ್ಲ.

ಹನ್ನೊಂದು ಜನರನ್ನು ಎತ್ತಿದಳು ಅಂತಾರೆ. ಇಡೀ ಚಾವಣಿ ಹೊತ್ತು ನಿಂತಳು ಅಂತಾರೆ. ಎತ್ತಿದ್ದು ಒಬ್ಬಳನ್ನೇ.

ಇವತ್ತಿಗೂ ಆ ಸೀಮೆಯಲ್ಲಿ ಆಟದ ನಡುವೆ ಒಬ್ಬಳು ಬಿದ್ದು ಏಳದೆ ಹೋದರೆ, ಎರಡೂ ತಂಡದವರು ಇದ್ದಲ್ಲೇ ಮಂಡಿಯೂರುತ್ತಾರೆ. ತಿರುಗುತ್ತಿರುವ ಗಾಲಿಯನ್ನು ಕೈಯಿಂದ ಹಿಡಿದು ನಿಲ್ಲಿಸುತ್ತಾರೆ. ಬಿದ್ದವಳ ದನಿ ಕೇಳುವ ತನಕ ಯಾರೂ ಉಸಿರೆತ್ತುವುದಿಲ್ಲ.