ಗಿರಿಮಲ್ಲನ ಚೈನ್ ವೀಲ್

ಗಿರಿಮಲ್ಲ ಮೊದಲ ಸಲ ಮನೆ ಬಿಟ್ಟು ನಡೆದದ್ದು ನಾಗರ ಪಂಚಮಿಯ ಮರುದಿನ. ಜೋಕಾಲಿ ಇನ್ನೂ ಬಿಚ್ಚಿರಲಿಲ್ಲ. ಏಳನೇ ಇಯತ್ತೆಯ ಪಾಟಿಚೀಲವನ್ನು ಅದಕ್ಕೇ ತೂಗುಹಾಕಿ ಹೋದವನು ಮತ್ತೆ ಸಾಲಿಯ ಕಡೆ ತಲೆ ಹಾಕಲಿಲ್ಲ.

ಅಲೆದು ಅಲೆದು ಅವನು ಬಂದು ಬಿದ್ದದ್ದು ಹೊಳೆದಂಡೆಯ ಒಂದು ಸಣ್ಣ ಮಠದಲ್ಲಿ. ಅಲ್ಲಿಯ ಅಜ್ಜ ಕಾವಿ ಉಡುವ ಮುಂಚೆ ಸೈಕಲ್ ರಿಪೇರಿ ಮಾಡುತ್ತಿದ್ದವರು. ಈಗಲೂ ನಟ್ಟು ಬಿಚ್ಚುವ ಪಾನಾ ಕೈಯಲ್ಲಿದ್ದರೇ ಅವರಿಗೆ ಬೋಧೆ ಹೊಳೆಯುತ್ತಿತ್ತು. ಗಿರಿಮಲ್ಲ ಅವರಿಂದ ಸೈಕಲ್ಲು ಕಲಿತ, ಕಲಿತದ್ದೇ ತಡ ಹೊರಟ. ಆಮೇಲೆ ಯಾವಾಗಲೋ ಒಮ್ಮೆ ಬರುವನು, ಸೈಕಲ್ಲು ಬಿಚ್ಚಿಸಿ ಕೂಡಿಸಿಕೊಂಡು ಹೋಗುವನು.

ಬರುವಾಗ ಯಾವಾಗಲೂ ಇಬ್ಬರು: ಅವನು, ಅವನ ಗೆಳೆಯ ಮೌಲಾಲಿ. ಈ ಸಲ ಒಬ್ಬನೇ ಬಂದ.

"ಅಜ್ಜಾರ, ಮುಂದಿನ ಚೈನ್ ವೀಲ್ ಇದ್ದದ್ದರಾಗ ದೊಡ್ಡದು ಹಾಕ್ರಿ. ಹಿಂದಿಂದು ಸಣ್ಣದು. ಒಮ್ಮೆ ತುಳಿದ್ರ ಹರದಾರಿ ಹೋಗಬೇಕು."

"ಎಲ್ಲಿಗೆ ಹೊಂಟಿ?"

"ಉತ್ತರದ ಕಡೆ ರೀ. ಬಯಲು ದಾರಿ."

"ಬಯಲು ಮುಗಿದ ಮ್ಯಾಲ?"

"ಏರು ಬಂದ್ರ ಎದ್ದು ನಿಂತು ತುಳೀತೀನ್ರಿ. ನನ್ನ ತೊಡಿ ನೋಡ್ರಿ."

"ನೋಡಿದೆ. ಪೈಲವಾನ ಇದ್ದಿ ಬಿಡು. ಮೌಲಾಲಿ ಎಲ್ಲಿ?"

ಗಿರಿಮಲ್ಲ ಚೈನಿನ ಮಣ್ಣು ಒರೆಸುತ್ತ ಕೂತ. "ತೀರಿಕೊಂಡ ರೀ," ಅಂದ. "ಘಾಟಿನ್ಯಾಗ. ಎದಿ ನಿಂತು."

ಅಜ್ಜ ಪಾನಾ ಕೆಳಗಿಟ್ಟರು. ಆಮೇಲೆ ಅವನನ್ನೂ ಸೈಕಲ್ಲನ್ನೂ ಕರಕೊಂಡು ಹೊಳೆಗೆ ಇಳಿದರು.

"ನಾ ಈ ಏರು ಹತ್ತಿ ಮಠಕ್ಕ ನಡೀತೀನಿ. ನೀ ಸೈಕಲ್ ಮ್ಯಾಲ ನನ್ನ ಬಾಜೂ ಬಾ. ಮುಂದ ಹೋಗಬ್ಯಾಡ, ಕಾಲು ನೆಲಕ್ಕ ಹಚ್ಚಬ್ಯಾಡ."

"ಇದೇನ್ರಿ, ಸಾಲಿ ಹುಡುಗರ ನಿಧಾನ ಸೈಕಲ್ ಪಂದ್ಯ ಆತು!"

"ಸಾಲಿ ಬಿಟ್ಟಾಂವ, ಈಗರೆ ಗೆಲ್ಲು."

ಗೆಲ್ಲಲಾಗಲಿಲ್ಲ. ನಿಧಾನ ಮಾಡಿದರೆ ಸೈಕಲ್ಲು ವಾಲುತ್ತಿತ್ತು. ಬೀಳಬಾರದೆಂದು ಜೋರು ತುಳಿದರೆ ಅಜ್ಜ ಹಿಂದೆ ಉಳಿಯುತ್ತಿದ್ದರು. ಕಡೆಗೆ ರೇಗಿ, ಒಂದೇ ದಮ್ಮಿಗೆ ತುದಿ ಮುಟ್ಟಿ ತಿರುಗಿ ನೋಡಿದ. ಅಜ್ಜ ನಡುದಾರಿಯಲ್ಲಿ ಒಂದು ಕಲ್ಲಿನ ಮೇಲೆ ಕೂತು ಏದುಸಿರು ಬಿಡುತ್ತಿದ್ದರು.

ಗಿರಿಮಲ್ಲ ಸೈಕಲ್ಲು ಬಿಸಾಕಿ ಓಡಿದ.

"ಅಜ್ಜಾರ! ಏನಾತ್ರಿ?"

"ವಯಸ್ಸಾತು, ಮತ್ತೇನು. ನೀ ಮ್ಯಾಲ ನಿಂತು ಏನು ಮಾಡಾಕತ್ತಿದ್ದಿ?"

"ನಿಮ್ಮನ್ನ ಕಾಯಾಕತ್ತಿದ್ದೆ ರೀ."

"ಮೌಲಾಲಿನ್ನೂ ಹಿಂಗ ಕಾಯ್ದಿ ಏನು?"

ಗಿರಿಮಲ್ಲ ಅವರ ಪಕ್ಕದಲ್ಲೇ ನೆಲದ ಮೇಲೆ ಕೂತ.

"'ಸಾವಕಾಶ ಹೊಡಿಯೋ, ಎದಿ ಹಿಡಿಯಾಕತ್ತೈತಿ' ಅಂದ ರೀ. 'ನನ್ನ ಗೇರಿಗೆ ಸಾವಕಾಶ ಬರೂದಿಲ್ಲೋ, ತುದಿಗೆ ಚಾದಂಗಡಿ ಐತಿ, ಅಲ್ಲಿರ್ತೀನಿ' ಅಂತ ಹೋದೆ. ಎರಡು ಚಾ ಹೇಳಿದೆ. ಅಂವ ಬರಲಿಲ್ಲ. ಆರಿ ಹೋಗ್ತೈತಿ ಅಂತ ಅವನ ಚಾನೂ ನಾನ ಕುಡಿದೆ, ಅಜ್ಜಾರ."

ಅಜ್ಜ ಅವನ ಹೆಗಲು ಹಿಡಿದು ಎದ್ದರು.

ಮಠಕ್ಕೆ ಬಂದು ಸೈಕಲ್ಲು ಮಲಗಿಸಿ, ಮುಂದಿನ ಚೈನ್ ವೀಲ್ ಬಿಚ್ಚಿ ಅದಕ್ಕಿಂತ ಬಹಳ ಸಣ್ಣದು ಕೂಡಿಸಿದರು. ಹಿಂದಿನ ಗಾಲಿಗೆ ಅಂಗೈಯಗಲದ ಫ್ರೀ ವೀಲ್ ಹಾಕಿದರು. ಚೈನು ಹೊಂದಿಸಿ, ಮತ್ತೆ ಹೊಳೆಗೆ ಇಳಿಸಿ, "ಹತ್ತು" ಅಂದರು.

ಈ ಸಲ ಗಿರಿಮಲ್ಲನ ಕಾಲುಗಳು ಗಿರಗಿರ ತಿರುಗಿದವು. ಸೈಕಲ್ಲು ಮಾತ್ರ ಅಜ್ಜನ ಹೆಜ್ಜೆಯ ಮೇಲೆಯೇ ಏರು ಹತ್ತಿತು. ವಾಲಲಿಲ್ಲ. ಪಕ್ಕದಲ್ಲಿ ಮುದುಕನ ಉಸಿರು ಕೇಳಿಸುತ್ತಿತ್ತು. ಅಷ್ಟು ವರ್ಷ ಕೂಡಿ ತಿರುಗಿದರೂ ಮೌಲಾಲಿಯ ಉಸಿರು ತನಗೆ ಒಮ್ಮೆಯೂ ಹೀಗೆ ಕೇಳಿಸಿರಲಿಲ್ಲ.

"ಇಷ್ಟ ಏನ್ರಿ?" ಅಂದ. "ಇಷ್ಟು ಬದಲು ಮಾಡಿದ್ರ ಅಂವ ಉಳೀತಿದ್ದ?"

"ಉಳೀತಿದ್ದಿಲ್ಲ ತಮ್ಮಾ. ಒಬ್ಬಾಂವ ಇರ್ತಿದ್ದಿಲ್ಲ."

ತುದಿಗೆ ಬಂದು ಇಳಿದ ಮೇಲೆ ಅಜ್ಜ ಕೇಳಿದರು: "ಅವನ ಮಣ್ಣಿಗೆ ಹೋಗಿದ್ದೇನು?"

"ಇಲ್ರಿ. ಅವನ್ನ ಟೆಂಪೋದಾಗ ಊರಿಗೆ ಕಳಿಸಿದೆ. ಟೆಂಪೋದವರಿಗೆ 'ನೀವು ನಡೀರಿ, ನಾ ಸೈಕಲ್ ತಗೊಂಡು ಬರ್ತೀನಿ' ಅಂತ ಹೇಳಿ ಈ ಕಡೆ ಹೊಳ್ಳಿದೆ. ಅವನ ಅವ್ವ ಹುಸೇನಬಿ ಒಬ್ಬಾಕಿನ ಅದಾಳ. ಆಕಿ ಮಾರಿ ಹೆಂಗ ನೋಡ್ಲಿ?"

ಅಜ್ಜ ಒಳಗೆ ಹೋಗಿ, ಅವನು ಕೇಳಿದಂಥ ದೊಡ್ಡ ಚೈನ್ ವೀಲ್ ತಂದು ಕಟ್ಟೆಯ ಮೇಲಿಟ್ಟರು.

"ಉತ್ತರಕ್ಕ ಹೋಗಾಂವ ಇದ್ರ ಹೇಳು, ಹಾಕಿ ಕೊಡ್ತೀನಿ."

ಗಿರಿಮಲ್ಲ ಅದನ್ನೇ ನೋಡುತ್ತ ನಿಂತ. ಆಮೇಲೆ ಕಂಬಳಿ ಸುತ್ತಿದ. ಪಂಪು, ತಂಬಿಗೆ, ಎರಡು ಅಂಗಿ ಚೀಲಕ್ಕೆ ತುರುಕಿ ಕ್ಯಾರಿಯರಿಗೆ ಹಗ್ಗ ಬಿಗಿದ. ಚೈನ್ ವೀಲ್ ಕಟ್ಟೆಯ ಮೇಲೇ ಉಳಿಯಿತು.

ಹ್ಯಾಂಡಲ್ ಹಿಡಿದವನು ತಿರುಗಿ ನಿಂತ.

"ಆಕಿ ಕೇಳ್ತಾಳ್ರಿ, ಕಡೀಗೆ ನನ್ನ ಮಗನ ಹತ್ರ ಯಾರಿದ್ರು ಅಂತ. ಏನ್ ಹೇಳ್ಲಿ?"

"ಇದ್ದದ್ದು ಹೇಳು."

"ಹೇಳಿದ ಮ್ಯಾಲ?"

"ಆಕಿ ಅಳ್ತಾಳ. ಮುಗಿಯೂತನಕ ಏಳಬ್ಯಾಡ."