ಹತ್ತನೆಯ ಹೆಸರು

ಪ್ರಾಣಿಗಳೂ ಕಂಪ್ಯೂಟರ್ ಕಲಿತಿದ್ದ ಒಂದು ಕಾಡಿನಲ್ಲಿ ಹತ್ತು ಮನೆಗಳಿದ್ದವು. ಬೇಸಿಗೆಯಲ್ಲಿ ಆ ಮನೆಗಳಿಗೆ ನೀರು ಬಿಡುವುದು ಒಂದು ಬ್ಯಾಚ್ ಫೈಲಿನ, ಅಂದರೆ ಕಂಪ್ಯೂಟರ್ ಒಂದೊಂದಾಗಿ ಪಾಲಿಸುವ ಆದೇಶಗಳ ಪಟ್ಟಿಯ, ಕೆಲಸ. ದಿನಾ ಬೆಳಿಗ್ಗೆ ಆನೆ ಆ ಫೈಲಿನ ಹೆಸರು ಟೈಪ್ ಮಾಡಿ, ಅದರ ಮುಂದೆ ಹತ್ತು ಮನೆಯವರ ಹೆಸರನ್ನೂ ಸಾಲಾಗಿ ಬರೆದು, ಎಂಟರ್ ಒತ್ತುತ್ತಿತ್ತು. ಫೈಲು ಯಾರ ಹೆಸರು ಓದುತ್ತದೋ ಅವರ ಮನೆಯ ನಲ್ಲಿ ತೆರೆಯುತ್ತಿತ್ತು.

ಫೈಲು ಬರೆದದ್ದು ನರಿ. ಸಾಲಿನಲ್ಲಿ ಮೊದಲ ಹೆಸರೂ ಅದರದ್ದೇ! ಕೊನೆಯ ಹೆಸರು ಕಪ್ಪೆಯದು.

ಆದರೆ ಕಪ್ಪೆಯ ನಲ್ಲಿಯಲ್ಲಿ ಒಂದು ಹನಿಯೂ ಬರುತ್ತಿರಲಿಲ್ಲ. ಅದರ ಹೊಂಡ ಬತ್ತುತ್ತಾ ಬಂತು. ಇನ್ನೂ ಕಾಲು ಮೂಡದ ಮರಿಗಳು ಕೆಸರಿನಲ್ಲಿ ಒದ್ದಾಡತೊಡಗಿದವು.

"ನರಿಯಣ್ಣ, ನಾಳೆಯೂ ನೀರು ಬರದಿದ್ರೆ ನನ್ನ ಮಕ್ಕಳು ಉಳಿಯಲ್ಲ. ಫೈಲು ಒಂದ್ಸಲ ನೋಡ್ತೀಯಾ?" ಎಂದು ಕಪ್ಪೆ ಅಂಗಲಾಚಿತು.

"ನನ್ನ ಫೈಲಿನಲ್ಲಿ ತಪ್ಪೇ? ನಿನ್ನ ನಲ್ಲಿಯೇ ಕೆಟ್ಟಿರಬೇಕು. ಹೋಗು, ಹೋಗು!" ಎಂದಿತು ನರಿ. ಅದರ ಮನೆಯ ತೊಟ್ಟಿ ಮಾತ್ರ ತುಂಬಿ ಹೊರಗೆ ಚೆಲ್ಲುತ್ತಿತ್ತು.

ಪಕ್ಕದ ಮನೆಯ ಮುಳ್ಳುಹಂದಿ ಈ ಮಾತು ಕೇಳಿಸಿಕೊಂಡಿತು. ಅದಕ್ಕೊಂದು ಒಳ್ಳೆಯ ಚಾಳಿಯಿತ್ತು. ಕಣ್ಣಾರೆ ಕಾಣದೆ ಏನನ್ನೂ ನಂಬುತ್ತಿರಲಿಲ್ಲ. ಮಧ್ಯಾಹ್ನ ಅದು ಆನೆಯ ಅನುಮತಿ ಪಡೆದು ಫೈಲು ತೆರೆಯಿತು. "ಓದಿದ ಹೆಸರನ್ನೆಲ್ಲ ಪರದೆಯ ಮೇಲೆ ತೋರಿಸು" ಎಂದು ಒಂದು ಸಾಲು ಸೇರಿಸಿ, ನಲ್ಲಿಗಳನ್ನು ಮುಟ್ಟದೆ, ಓಡಿಸಿ ನೋಡಿತು.

ಒಂಬತ್ತು ಹೆಸರು ಸರಿಯಾಗಿ ಬಂದವು. ಹತ್ತನೆಯ ಜಾಗದಲ್ಲಿ ಕಪ್ಪೆಯ ಬದಲು ಮತ್ತೆ ನರಿ! ಆ ಹೆಸರಿನ ಕೊನೆಗೆ ಅಂಟಿಕೊಂಡು ಒಂದು ಸೊನ್ನೆ.

ಮುಳ್ಳುಹಂದಿಗೆ ಗುಟ್ಟು ತಿಳಿಯಿತು. ಆ ಫೈಲಿಗೆ ಒಂದು ಸಲಕ್ಕೆ ಒಂದೇ ಅಂಕಿ ಓದಲು ಬರುತ್ತಿತ್ತು. '10ನೆಯ ಹೆಸರು' ಎಂದರೆ ಹತ್ತರ ಮೊದಲ ಅಂಕಿ 1ನ್ನಷ್ಟೇ ಓದಿ, ಸೊನ್ನೆಯನ್ನು ಹಾಗೇ ಉಳಿಸಿ, ಮೊದಲ ಹೆಸರನ್ನೇ ಇನ್ನೊಮ್ಮೆ ಎತ್ತಿಕೊಳ್ಳುತ್ತಿತ್ತು. ಕಪ್ಪೆಯ ಪಾಲೂ ನರಿಗೇ ಹೋಗುತ್ತಿತ್ತು.

ಮುಳ್ಳುಹಂದಿ ಫೈಲನ್ನು ಹೀಗೆ ತಿದ್ದಿತು: "ಸಾಲಿನ ಮೊದಲ ಹೆಸರು ಓದು. ಅವರ ನಲ್ಲಿ ತೆರೆ. ಆಮೇಲೆ ಅವರನ್ನು ಸಾಲಿನಿಂದ ಕಳಿಸಿ, ಉಳಿದವರನ್ನು ಒಂದೊಂದು ಹೆಜ್ಜೆ ಮುಂದೆ ಕರೆ. ಸಾಲು ಮುಗಿಯುವವರೆಗೂ ಹೀಗೇ ಮಾಡು."

ಮರುದಿನ ಬೆಳಿಗ್ಗೆ ಎಲ್ಲರೂ ಸೇರಿದರು. "ಆನೆಮಾವ, ಇವತ್ತು ಕಪ್ಪಕ್ಕನ ಹೆಸರು ಮೊದಲು ಬರೀರಿ. ನರಿಯಣ್ಣನದು ಕೊನೆಗಿರಲಿ" ಎಂದಿತು ಮುಳ್ಳುಹಂದಿ.

"ಆಗಲ್ಲ! ಹತ್ತನೆಯವರಿಗೆ ನೀರೇ ಬರಲ್ಲ!" ಎಂದು ನರಿ ಹೌಹಾರಿ ಕೂಗಿತು.

ಎಲ್ಲರೂ ಅದರತ್ತ ತಿರುಗಿದರು.

"ಅದು ನಿನಗೆ ಹೇಗೆ ಗೊತ್ತು? ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ದೆಯಾ?" ಎಂದು ಆನೆ ಕೇಳಿತು.

ಆನೆ ಎಂಟರ್ ಒತ್ತಿತು. ಕಪ್ಪೆಯ ನಲ್ಲಿ ಭುಸ್ಸೆಂದು ತೆರೆಯಿತು. ಹೊಂಡ ತುಂಬಿತು. ಮರಿಗಳು ಬಾಲ ಬಡಿಯುತ್ತಾ ಈಜಿದವು. ಕಪ್ಪೆಗೆ ಸಂತೋಷಕ್ಕೆ ಅಳುವೇ ಬಂತು. ಮನೆಯಿಂದ ಮನೆಗೆ ನೀರು ಸಾಗಿ, ಕೊನೆಗೆ ನರಿಯ ನಲ್ಲಿಯೂ ತೆರೆಯಿತು. ಒಂದೇ ಸಲ, ಎಲ್ಲರಷ್ಟೇ.

"ನನಗೂ ಯಾಕೆ ನೀರು ಬಿಟ್ಟೆ?" ಎಂದು ನರಿ ತಲೆತಗ್ಗಿಸಿ ಕೇಳಿತು.

ಮುಳ್ಳುಹಂದಿ ಮೈಮೇಲಿನ ಮುಳ್ಳನ್ನೆಲ್ಲ ನೆಟ್ಟಗೆ ನಿಲ್ಲಿಸಿಕೊಂಡು ಹೇಳಿತು: "ಹತ್ತು ಹೆಸರು ಕೊಟ್ರೆ ಹತ್ತು ಮನೆಗೂ ನೀರು ಹೋಗ್ಬೇಕು. ನಾನು ತಿದ್ದಿದ ಫೈಲು ಅಂದ್ರೆ ಹಾಗೇ!"

ಅಂದಿನಿಂದ ಫೈಲು ಮುಳ್ಳುಹಂದಿಯ ವಶಕ್ಕೆ ಬಂತು. ನರಿಯ ಹೆಸರು ಸಾಲಿನ ಕೊನೆಯಲ್ಲೇ ಉಳಿಯಿತು.

ನೀತಿ: ತನಗೆ ಲಾಭವೆಂದು ತಪ್ಪನ್ನು ಬಚ್ಚಿಟ್ಟವನು ತನ್ನ ಬಾಯಿಂದಲೇ ಸಿಕ್ಕಿಬೀಳುತ್ತಾನೆ, ಕೊನೆಯವರಿಗೂ ಪಾಲು ಸಿಗುವಂತೆ ತಿದ್ದಿದವನು ತಲೆಯೆತ್ತಿ ನಿಲ್ಲುತ್ತಾನೆ.