ಗಾಜಿನ ಬೆಟ್ಟದ ಬುಡದಲ್ಲಿ ನಿಂತ ಕತೆ

“ಗುರುಗಳೇ, ನಮ್ಮ ಸ್ಲೊವಾಕರಿಗೆ ನಮ್ಮವನೇ ಆದ ಅರಸನಿಲ್ಲ. ಮನೆಯಲ್ಲಿ ಆಡುವ ಮಾತಿನಲ್ಲಿ ಓದೋಣವೆಂದರೆ ಪುಸ್ತಕ ಸಿಗುವುದಿಲ್ಲ. ಹೀಗಿರುವಾಗ ನಾವೂ ಒಂದು ನಾಡಿನ ಜನ ಎಂದು ಯಾವ ಬಾಯಲ್ಲಿ ಹೇಳಿಕೊಳ್ಳೋಣ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ನಮ್ಮ ಬೆಟ್ಟದ ಕಡೆ ಒಬ್ಬ ತಂತಿಗಾರನಿದ್ದ. ಬಿರುಕುಬಿಟ್ಟ ಮಡಕೆಗೆ ತಂತಿ ಹೆಣೆದು ಬಿಗಿಯುವುದು ಅವನ ಕಸುಬು. ಊರಲ್ಲಿ ಹೊಟ್ಟೆ ತುಂಬದೆ ದೂರದ ಪಟ್ಟಣಕ್ಕೆ ಹೋದ. ಮಡಕೆಗಳಿಗೆ ಭಾಷೆಯಿಲ್ಲ, ಎಲ್ಲಿ ಬೇಕಾದರೂ ಒಡೆಯುತ್ತವೆ. ಅವನಿಗೆ ಕೆಲಸಕ್ಕೆ ಬರವಿರಲಿಲ್ಲ. ತನ್ನ ಮಾತು ಬಲ್ಲವರು ಮಾತ್ರ ಒಬ್ಬರೂ ಸಿಗಲಿಲ್ಲ.

ಅವನ ತಾಯಿ ಚಳಿಗಾಲದಲ್ಲಿ ನೂಲುತ್ತಾ ಕತೆ ಹೇಳುತ್ತಿದ್ದಳು. ಕೇಳುವವರು ಹೂಂಗುಟ್ಟಬೇಕು ಎಂಬುದು ಆ ಮನೆಯ ಕಟ್ಟಳೆ. ಹೂಂ ನಿಂತರೆ ಕತೆಯೂ ನಿಲ್ಲುತ್ತಿತ್ತು. ತಾಯಿ ತೀರಿಕೊಂಡ ಮೇಲೆ ಅವಳದೆಂದು ಅವನಲ್ಲಿ ಉಳಿದದ್ದು ಒಂದೇ ಕತೆ. ತಂತಿ ಹೆಣೆಯುತ್ತಾ ಅದನ್ನು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಆದರೆ ಕತೆಯ ಕಿರಿಯ ಮಗ ಗಾಜಿನ ಬೆಟ್ಟದ ಬುಡಕ್ಕೆ ಬಂದ ಕೂಡಲೇ ನಾಲಿಗೆ ತಡವರಿಸುತ್ತಿತ್ತು. ಮುಂದಿನದು ಬರಬರುತ್ತಾ ಮಸುಕಾಗಿತ್ತು. ಅದೂ ಮರೆತುಹೋದರೆ ತಾನು ಯಾರ ಮಗನೆಂದು ಹೇಳಿಕೊಳ್ಳಲು ಏನೂ ಉಳಿಯದು ಎಂದು ಅವನು ಹೆದರಿದ್ದ.

ಒಂದು ದಿನ ದೊಡ್ಡ ಮನೆಯೊಂದರ ಅಡುಗೆಯವಳು ಹಿತ್ತಿಲ ಬಾಗಿಲಿಗೆ ಮಡಕೆ ತಂದಿಟ್ಟಳು. ಅವಳ ಮುಖದಲ್ಲಿ ಊರ ಕಡೆಯ ಕಳೆ ಕಂಡು, “ನಮ್ಮ ಬೆಟ್ಟದ ಕಡೆಯವಳೇನಕ್ಕಾ?” ಎಂದು ತನ್ನ ಮಾತಿನಲ್ಲೇ ಕೇಳಿದ.

ಅವಳು ಯಜಮಾನಿಯ ಕಿಟಕಿಯತ್ತ ನೋಡಿದಳು. “ಏನಂದೆ? ನನಗೆ ಅರ್ಥವಾಗಲಿಲ್ಲ” ಎಂದು ಪಟ್ಟಣದ ಮಾತಿನಲ್ಲಿ ಅಂದಳು.

ಅವನು ಮುಖ ಸಣ್ಣದು ಮಾಡಿಕೊಂಡು, ಅವಳಿಗೆ ಬೆನ್ನುಹಾಕಿ ಕೆಲಸಕ್ಕೆ ಕೂತ. ಅಭ್ಯಾಸ ಎಲ್ಲಿ ಬಿಡುತ್ತದೆ? ಕತೆ ತಾನಾಗಿ ಶುರುವಾಯಿತು, ಎಂದಿನಂತೆ ಗಾಜಿನ ಬೆಟ್ಟದ ಬುಡದಲ್ಲಿ ನಿಂತಿತು.

“ಹೂಂ... ಆಮೇಲೆ?”

ಹಿಂದೆ ಬಾಗಿಲಲ್ಲಿ ನಿಂತಿದ್ದವಳು ಮೈಮರೆತು ಕೇಳಿದ್ದಳು, ಬೆಟ್ಟದ ಮಾತಿನಲ್ಲಿ.

ಅವನು ತಿರುಗಲಿಲ್ಲ. ತಿರುಗಿದರೆ ಅವಳು ಮತ್ತೆ ಪಟ್ಟಣದವಳಾಗಿಬಿಡುತ್ತಾಳೆ ಎಂದು ಅವನಿಗೆ ಗೊತ್ತಿತ್ತು. ಕಣ್ಣೊರೆಸಿಕೊಂಡು ಮುಂದುವರಿಸಿದ. ಅವಳು ಹೂಂಗುಟ್ಟುತ್ತಾ ಹೋದಳು. ಮರೆತದ್ದೆಲ್ಲ ಬಾಯಿಗೆ ಬಂತು, ಕಿರಿಯ ಮಗ ಬೆಟ್ಟ ಹತ್ತಿದ. ಕತೆ ಮುಗಿಸಿ ಅವನು ತಿರುಗುವಷ್ಟರಲ್ಲಿ ಬಾಗಿಲು ಮುಚ್ಚಿತ್ತು.

ಗುರುಗಳು ಕತೆ ಮುಗಿಸಿದರು. ಮೊದಲಿನಿಂದಲೂ ತಲೆಯೆತ್ತದೆ ಬರೆದುಕೊಳ್ಳುತ್ತಿದ್ದ ಶಿಷ್ಯ ಈಗ ಲೇಖನಿ ಹಿಡಿದುಕೊಂಡೇ ಮುಂದಿನ ಮಾತಿಗೆ ಕಾದ.

“ಇಷ್ಟು ಹೊತ್ತು ನಮ್ಮ ಮಾತಿನಲ್ಲೇ ಕತೆ ಹೇಳಿದೆನಲ್ಲ ಮಗೂ, ನೀನು ಒಂದು ಸಲವಾದರೂ ಹೂಂ ಅಂದೆಯಾ?”